ಹದಿನೆಂಟು ರೇಲಿಂಗ್, ಮೂರು ಬಗೆಯ ತೂತು

ಸೋಮವಾರ

ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲೇ ಶೆಡ್ಡಿನ ಮುಂದೆ ಟಾಟಾ ಏಸ್ ಒಂದು ಬಂದು ನಿಂತಿತ್ತು. ಹಿಂದೆ ಇಣುಕಿದರೆ ನಮ್ಮದೇ ಮಾಲು. ಹೋದ ಗುರುವಾರ ಪೌಡರ್ ಕೋಟಿಂಗ್ (ಬಣ್ಣದ ಒಣ ಪುಡಿಯನ್ನು ಕರೆಂಟಿನ ಗನ್ನಿನಲ್ಲಿ ಹೊಡೆದು, ಓವನ್ನಿನಲ್ಲಿ ಬೇಯಿಸುವ ಕೆಲಸ) ಮಾಡಿ ಕಳಿಸಿದ್ದ ಹದಿನೆಂಟು ಬಾಲ್ಕನಿ ರೇಲಿಂಗ್. ವೆಲ್ಡಿಂಗ್ ಅಂಗಡಿಯ ಅಣ್ಣ ಗಾಡಿಯಿಂದ ಇಳಿದವರೇ ಒಂದು ರೇಲಿಂಗ್ ಮೇಲೆ ಕೈಯಾಡಿಸಿ ಕೇಳಿದರು: "ಏನ್ ಸಾರ್ ಇದು, ಕಬ್ಬಿಣಕ್ಕೆ ಸಿಡುಬು ಬಂದಂಗಿದೆ?"

ಸುಳ್ಳೇನಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದರೆ ಅಲ್ಲಲ್ಲಿ ಸೂಜಿಮೊನೆಯಷ್ಟು ತೂತುಗಳು, ಕೆಲವು ಕಡೆ ಗುಳಿಗಳು. ಒಂದು ಬೇಸ್ ಪ್ಲೇಟನ್ನು ನಾಣ್ಯದಲ್ಲಿ ಕೆರೆದೆ. ಪದರ ಬಿಸ್ಕತ್ತಿನ ಹಾಗೆ ಮುರಿದುಕೊಂಡು ಎದ್ದಿತು. ಮಾತು ಬೆಳೆಸಲಿಲ್ಲ. "ಇಳಿಸಿ ಅಣ್ಣ, ಶನಿವಾರ ಕೊಡ್ತೀನಿ" ಅಂದೆ.

ನಮ್ಮದು ಪೀಣ್ಯದ ಒಂದು ಸಣ್ಣ ಶೆಡ್. ಪೌಡರ್ ಹೊಡೆಯುವ ಒಂದು ಬೂತು, ಒಂದು ಮ್ಯಾನುಯಲ್ ಗನ್, ಎಲ್‌ಪಿಜಿಯಲ್ಲಿ ಉರಿಯುವ ಒಂದು ಬ್ಯಾಚ್ ಓವನ್. ನನ್ನನ್ನೂ ಸೇರಿಸಿ ನಾಲ್ಕು ಜನ. ಈ ಜಾಬಿನ ಕಂಬಿಗಳೆಲ್ಲ ಮುಕ್ಕಾಲು ಇಂಚಿನ ಚೌಕ ಪೈಪು. ಕೆಳಗೆ ನೆಲಕ್ಕೆ ಬೋಲ್ಟ್ ಹಾಕಲು 8 ಮಿಲಿಮೀಟರ್ ದಪ್ಪದ ಪ್ಲೇಟು. ಬಣ್ಣ ರಾಲ್ ಚಾರ್ಟಿನ 7016, ಆಂಥ್ರಸೈಟ್ ಗ್ರೇ ಅನ್ನುವ ಕಡು ಬೂದು, ಮ್ಯಾಟ್. ಬಿಸಿಲು ಮಳೆಗೆ ಒಡ್ಡಿಕೊಳ್ಳುವ ಮಾಲು, ಹಾಗಾಗಿ ಪ್ಯೂರ್ ಪಾಲಿಯೆಸ್ಟರ್ ಪೌಡರ್ರೇ ಹೊಡೆದಿದ್ದೆವು. ಎಪಾಕ್ಸಿ ಬೆರೆತ ಹೈಬ್ರಿಡ್ ಪೌಡರ್ ಅಗ್ಗ, ಆದರೆ ಅದು ಮನೆಯೊಳಗಿನ ಮಾಲಿಗೆ. ಹೊರಗಿಟ್ಟರೆ ಬಿಸಿಲಿಗೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಗಾಡಿ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಪೌಡರ್ ಡೀಲರಿಗೆ ಫೋನ್ ಮಾಡಿ ರೇಗಿದ್ದು. "ಬ್ಯಾಚ್ ಸರಿ ಇಲ್ಲ, ಬಾಕ್ಸ್ ವಾಪಸ್ ತಗೊಳ್ಳಿ." ಅವರು ಸಮಾಧಾನವಾಗಿ ಕೇಳಿದರು: "ಟೆಸ್ಟ್ ಪ್ಯಾನಲ್ ಹೊಡೆದ್ರಾ ಸಾರ್?" ಹೊಡೆದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನನ್ನ ಕಥೆ. ಅದೇ ಬಾಕ್ಸಿನಿಂದ ಒಂದು ಹಿಡಿ ಪೌಡರ್ ತೆಗೆದು, ಚೆನ್ನಾಗಿ ಒರೆಸಿದ ಹೊಸ ತಗಡಿನ ತುಂಡಿಗೆ ಹೊಡೆದು ಬೇಯಿಸಿದೆವು. ಒಂದೇ ಒಂದು ಚುಕ್ಕೆ ಇಲ್ಲ. ಅಲ್ಲಿಗೆ ಪೌಡರ್ ಬಚಾವ್, ನಾನು ಸಿಕ್ಕಿಬಿದ್ದೆ.

ಮಧ್ಯಾಹ್ನ ಭೂತಗನ್ನಡಿ ತೆಗೆದೆ. ಅಕ್ಕಸಾಲಿಗರು ಕಣ್ಣಿಗೆ ಒತ್ತಿ ಹಿಡಿಯುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಗಾಜು. ಈ ಲೈನಿನಲ್ಲಿ ಇರುವವರು ಬೇರೆ ಯಾವ ಮೀಟರ್ ಕೊಳ್ಳದಿದ್ದರೂ ಇದೊಂದು ಕೊಂಡಿಡಬೇಕು ಅಂತ ನನ್ನ ಅಭಿಪ್ರಾಯ. ನಾವೆಲ್ಲ ಯಾವ ತೂತಿಗೂ 'ಪಿನ್‌ಹೋಲ್' ಅಂತ ಒಂದೇ ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ. ಗಾಜಿನೊಳಗಿಂದ ನೋಡಿದರೆ ಒಂದೊಂದು ಒಂದೊಂದು ಥರ.

ಕೆಲವು ಕಂಬಿಗಳ ಮೇಲಿದ್ದದ್ದು ನಿಜವಾದ ಸೂಜಿತೂತು. ಕಿರಿದು, ಆಳ, ಪಕ್ಕದಲ್ಲಿ ಒಡೆಯದೇ ಉಳಿದ ಪುಟ್ಟ ಗುಳ್ಳೆಗಳು. ಇನ್ನು ಕೆಲವು ಕಡೆ ಇದ್ದದ್ದು ಅಗಲವಾದ ಗುಂಡನೆಯ ಗುಳಿ. ಸುತ್ತ ಉಬ್ಬಿದ ಅಂಚು, ನಡುವೆ ಕಬ್ಬಿಣ ಮಿಂಚುತ್ತಿತ್ತು. ಮಳೆ ಹನಿ ಬಿದ್ದ ಧೂಳಿನ ನೆಲ ನೋಡಿದ್ದೀರಲ್ವಾ, ಹಾಗೆ. ಮೂರನೆಯದು ಪ್ಲೇಟುಗಳ ಮೇಲೆ ಮತ್ತು ಹ್ಯಾಂಡ್‌ರೈಲಿನ ಚಪ್ಪಟೆ ಭಾಗದಲ್ಲಿ. ತೂತು ಅನ್ನುವುದಕ್ಕಿಂತ ಇಡೀ ಮೈಯೇ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ, ನಡುನಡುವೆ ಚುಕ್ಕಿಗಳು.

ಮೂರು ಬಗೆ, ಜೊತೆಗೆ ಏಳುತ್ತಿರುವ ಪ್ಲೇಟಿನ ಪದರ. ಒಂದೇ ಜಾಬಿನಲ್ಲಿ ನಾಲ್ಕು ರೋಗ. ರಾತ್ರಿ ಊಟ ಸೇರಲಿಲ್ಲ.

ಮಂಗಳವಾರ: ಸೂಜಿತೂತು

ವಿಚಿತ್ರ ಏನೆಂದರೆ, ಒಂದೇ ರೇಲಿಂಗಿನಲ್ಲಿ ಮೂರನೇ ಕಂಬಿ, ಎಂಟನೇ ಕಂಬಿ, ಒಂಬತ್ತನೇ ಕಂಬಿಯಲ್ಲಿ ಮಾತ್ರ ಸೂಜಿತೂತು. ಪಕ್ಕದ ಕಂಬಿ ಕನ್ನಡಿ ಥರ ಇದೆ. ಒಂದೇ ಗನ್, ಒಂದೇ ಕೈ, ಒಂದೇ ಓವನ್. ಗಾಳಿಯೋ ಪೌಡರ್ರೋ ಕೆಟ್ಟಿದ್ದರೆ ಹೀಗೆ ಕಂಬಿ ಆರಿಸಿಕೊಂಡು ಬರುವುದಿಲ್ಲ. ತಪ್ಪು ಕಂಬಿಯಲ್ಲೇ ಇರಬೇಕು.

ಡಿಎಫ್‌ಟಿ ಮೀಟರ್, ಅಂದರೆ ಪದರದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದೆ. ಒಳ್ಳೆಯ ಕಂಬಿಯಲ್ಲಿ 75 ಮೈಕ್ರಾನ್. ತೂತಿನ ಕಂಬಿಯಲ್ಲಿ 125. ಮೊದಲು ಹುಡುಗ ಜಾಸ್ತಿ ಹೊಡೆದಿದ್ದಾನೆ ಅಂದುಕೊಂಡೆ. ಆದರೆ ಒಂದು ಕಂಬಿಗೆ ಜಾಸ್ತಿ, ಪಕ್ಕದ್ದಕ್ಕೆ ಸರಿಯಾಗಿ ಹೊಡೆಯಲು ಯಾರಿಗಾದರೂ ಸಾಧ್ಯವೇ? ಆಗ ತಲೆಗೆ ಹೊಳೆಯಿತು. ಈ ಮೀಟರ್ ಕಬ್ಬಿಣದವರೆಗೆ ಎಷ್ಟು ದೂರ ಅಂತ ಮಾತ್ರ ನೋಡುತ್ತದೆ. ನಡುವೆ ಸತು ಇದ್ದರೆ ಅದನ್ನೂ ಪೌಡರ್ ಲೆಕ್ಕಕ್ಕೇ ಸೇರಿಸುತ್ತದೆ. ಆ 50 ಮೈಕ್ರಾನ್ ಸತುವೇ.

ಕೆರೆದು ನೋಡಿಯೇ ಬಿಡೋಣ ಅಂತ ಪದರ ತೆಗೆದು, ತುಕ್ಕು ತೆಗೆಯುವ ಆಸಿಡ್ ಟ್ಯಾಂಕಿನಿಂದ ಒಂದು ಹನಿ ಇಟ್ಟೆ. ಸೋಡಾ ಬಾಟ್ಲಿ ತೆಗೆದ ಹಾಗೆ ಬುಸ್ಸೆಂದು ನೊರೆ ಬಂತು. ಪಕ್ಕದ ಕಂಬಿಯಲ್ಲಿ ಹಾಗೇನೂ ಇಲ್ಲ. ಅಲ್ಲಿಗೆ ಖಾತ್ರಿ. ಕೆಲವು ಕಂಬಿ ಎಂಎಸ್, ಅಂದರೆ ಬರೀ ಕಬ್ಬಿಣ; ಕೆಲವು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ.

ಅಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪೈಪು ಶಾರ್ಟ್ ಆಯ್ತು ಸಾರ್. ಹಳೇ ಸೈಟಿಂದ ಉಳಿದಿದ್ದು ಒಂದಷ್ಟಿತ್ತು, ಹಾಕ್ಬಿಟ್ಟೆ. ಜಿಐ ಅಂದ್ರೆ ಇನ್ನೂ ಒಳ್ಳೇದಲ್ವಾ?" ಅಂದರು. ತುಕ್ಕು ಹಿಡಿಯದಿರಲು ಒಳ್ಳೆಯದೇ. ಕೋಟಿಂಗ್ ಮಾಡುವವನಿಗೆ ಮಾತ್ರ ಹೇಳಬೇಕಿತ್ತು.

ನಮ್ಮ ಕಡೆಯ ತಪ್ಪೂ ಇದೆ. ಒರೆಸುವ ಹುಡುಗನನ್ನು ಕೇಳಿದೆ. "ಕೆಲವು ಸ್ವಲ್ಪ ಬೆಳ್ಳಗಿದ್ವು ಅಣ್ಣ. ಹೊಸ ಪೈಪು ಅಂದ್ಕೊಂಡೆ" ಅಂದ. ಅವನನ್ನು ಬಯ್ದು ಏನು ಪ್ರಯೋಜನ? ಬೆಳ್ಳಗಿದ್ದರೆ ಹೇಳು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ರೇಲಿಂಗ್ ನಾವು ಆಸಿಡ್ ಟ್ಯಾಂಕಿಗೆ ಮುಳುಗಿಸುವುದೂ ಇಲ್ಲ. ಪೈಪಿನ ಒಳಗೆ ಆಸಿಡ್ ಹೋದರೆ ವಾಪಸ್ ಬರುವುದಿಲ್ಲ. ತಿಂಗಳು ಬಿಟ್ಟು ವೆಲ್ಡಿಂಗ್ ಸಂದಿಯಿಂದ ತುಕ್ಕಿನ ಕಣ್ಣೀರು ಸುರಿಸುತ್ತದೆ. ಎಣ್ಣೆ ತೆಗೆದು, ಉಜ್ಜಿ, ಪೌಡರ್ ಚೆನ್ನಾಗಿ ಹಿಡಿಯಲು ಕೈಯಲ್ಲೇ ಫಾಸ್ಫೇಟ್ ಲೇಪ ಮಾಡುತ್ತೇವೆ. ಮುಳುಗಿಸಿದ್ದರೆ ಟ್ಯಾಂಕೇ ನೊರೆ ಎಬ್ಬಿಸಿ ಹೇಳುತ್ತಿತ್ತು.

ಜಿಐ ಯಾಕೆ ಹೀಗೆ ಮಾಡುತ್ತದೆ? ದೋಸೆಗೆ ತೂತು ಬೀಳುವ ಹಾಗೇ. ಕಾವಲಿಯ ಶಾಖಕ್ಕೆ ಹಿಟ್ಟಿನೊಳಗಿನ ಗಾಳಿ, ಆವಿ ಮೇಲೆದ್ದು ಬರುತ್ತದೆ. ಅಷ್ಟರಲ್ಲಿ ಮೇಲುಭಾಗ ಗಟ್ಟಿಯಾಗುತ್ತಾ ಬಂದಿರುತ್ತದೆ, ತೂತು ಹಾಗೇ ನಿಂತುಬಿಡುತ್ತದೆ. ಸತುವಿನ ಪದರದಲ್ಲಿ ಕಣ್ಣಿಗೆ ಕಾಣದ ಸಂದುಗಳಿವೆ. ಮಳೆಗಾಲದಲ್ಲಿ ಹೊರಗೆ ಬಿದ್ದಿದ್ದರೆ ಮೇಲೆ ಬಿಳಿ ತುಕ್ಕು ಬೇರೆ. ಓವನ್ನಿನಲ್ಲಿ ಇವೆರಡರಿಂದಲೂ ಗಾಳಿ, ನೀರಾವಿ ಹೊರಟು ಕರಗಿದ ಪೌಡರನ್ನು ಸೀಳಿಕೊಂಡು ಬರುತ್ತದೆ. ಎರಕದ ಅಲ್ಯೂಮಿನಿಯಂ ಕೂಡ ಹೀಗೇ ಕಾಡುತ್ತದೆ. ಎಲ್ಲರ ಮನೆ ದೋಸೆಯೂ ತೂತೇ ಅನ್ನುವ ಮಾತು ನೆನಪಾಗಿ ನಗು ಬಂತು. ದೋಸೆಗೆ ಅದು ಚೆಂದ, ರೇಲಿಂಗಿಗೆ ಅಲ್ಲ.

ನಮ್ಮ ಪೌಡರ್ ಬಾಕ್ಸಿನ ಮೇಲೆ 'ಟಿಜಿಐಸಿ ಇಲ್ಲ' ಅಂತ ಬರೆದಿದೆ. ಟಿಜಿಐಸಿ ಅಂದರೆ ಪೌಡರಿಗೆ ಬೆರೆಸುವ ಒಂದು ಗಟ್ಟಿಕಾರಕ. ಅದು ಆರೋಗ್ಯಕ್ಕೆ ಕೆಟ್ಟದ್ದು, ಅದಿಲ್ಲದ್ದು ಹುಡುಗರಿಗೆ ಒಳ್ಳೆಯದು. ಅದರ ಬದಲಿಗೆ ಹಾಕುವ ಎಚ್‌ಎಎ ಎಂಬ ಗಟ್ಟಿಕಾರಕ ಬೇಯುವಾಗ ತಾನೂ ಒಂದಿಷ್ಟು ನೀರಾವಿ ಬಿಡುತ್ತದೆ. ಪದರ ತೆಳ್ಳಗಿದ್ದರೆ ಆವಿ ಸುಮ್ನೆ ಹೋಗಿಬಿಡುತ್ತದೆ. 100 ಮೈಕ್ರಾನ್ ದಾಟಿಸಿದರೆ ಒಳ್ಳೆಯ ಎಂಎಸ್ ಮೇಲೂ ತೂತು ಮಾಡಬಲ್ಲದು. ಇಂಥ ಪೌಡರಿನಲ್ಲಿ 'ಇರಲಿ, ಇನ್ನೊಂದು ಕೈ' ಅನ್ನುವ ಉದಾರತನ ಬೇಡ.

ಈಗ ರಿಪೇರಿ. ಸೋಮಾರಿತನದ ದಾರಿಯನ್ನೇ ಮೊದಲು ಹಿಡಿದೆ. ಒಂದು ರೇಲಿಂಗಿನ ಜಿಐ ಕಂಬಿಗಳನ್ನು 220 ನಂಬರ್ ಎಮರಿಯಲ್ಲಿ ಉಜ್ಜಿ, ಒರೆಸಿ, ಮೇಲೇ ಇನ್ನೊಂದು ಪದರ ಹೊಡೆದು ಬೇಯಿಸಿದೆ. ಹೊರಗೆ ಬಂದಾಗ ತೂತು ಅದೇ ಜಾಗದಲ್ಲಿ, ಮೊದಲಿಗಿಂತ ದೊಡ್ಡದಾಗಿ. ಹಳೆ ತೂತಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಮತ್ತೆ ಹಿಗ್ಗಿ ಹೊಸ ಪದರವನ್ನೂ ಒಡೆದಿತ್ತು. ಅರ್ಧ ದಿನ, ಗ್ಯಾಸು ಎರಡೂ ದಂಡ.

ಸಂಜೆ ಲೆಕ್ಕ ಹಾಕಿದೆವು. ಏಳು ರೇಲಿಂಗುಗಳಲ್ಲಿ ಒಟ್ಟು ಮೂವತ್ತೇಳು ಜಿಐ ಕಂಬಿ. ಪ್ರತಿಯೊಂದಕ್ಕೂ ಸೀಮೆಸುಣ್ಣದ ಗುರುತು. ಸ್ಟ್ರಿಪ್ಪರ್ ಪೇಸ್ಟ್ ಬ್ರಷ್ಷಿನಲ್ಲಿ ಬಳಿದು, ಪದರ ಸುಕ್ಕುಗಟ್ಟಿ ಎದ್ದ ಮೇಲೆ ಕೆರೆದು, ನೀರಲ್ಲಿ ತೊಳೆದು ಒಣಗಿಸಿದ್ದಾಯಿತು. ಈ ಪೇಸ್ಟಿನ ವಾಸನೆ ಒಳ್ಳೆಯದಲ್ಲ. ಎರಡೂ ಕಡೆ ಶಟರ್ ತೆಗೆದು, ಕೈಗೆ ಗವಸು ಹಾಕಿಯೇ ಮಾಡಿದೆವು. ಕಾಸ್ಟಿಕ್ ಟ್ಯಾಂಕಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಾಸ್ಟಿಕ್ ಸತುವನ್ನೂ ತಿನ್ನುತ್ತದೆ.

ಬುಧವಾರ: ಗುಂಡನೆಯ ಗುಳಿ

ಗುಳಿಗಳ ಕಥೆ ಬೇರೆ. ಅವು ಕಂಬಿ ಆರಿಸುತ್ತಿರಲಿಲ್ಲ, ರೇಲಿಂಗ್ ಆರಿಸುತ್ತಿದ್ದವು. ಹುಡುಗರು ಓವನ್ ಲೋಡ್ ಬರೆದಿಡುವ ಪುಸ್ತಕ ತೆಗೆದು ತಾಳೆ ನೋಡಿದೆ. ಗುರುವಾರ ಬೆಳಿಗ್ಗೆಯ ಮೊದಲ ಲೋಡಿನ ಐದರಲ್ಲೂ ಇದೆ. ಎರಡನೆಯದರಲ್ಲಿ ಇಲ್ಲ. ಊಟ ಆದ ಮೇಲಿನ ಮೊದಲ ಲೋಡಿನಲ್ಲಿ ಮತ್ತೆ ಇದೆ. ಕಂಪ್ರೆಸರ್ ನಿಂತು ಶುರುವಾದಾಗಲೆಲ್ಲ ಗುಳಿ.

ಇಂಥ ಗುಳಿ ಬರುವುದು ಎಣ್ಣೆಗೆ. ಕರಗಿದ ಪೌಡರ್ ಎಣ್ಣೆ ಹನಿಯಿಂದ ದೂರ ಸರಿಯುತ್ತದೆ, ನಡುವೆ ಬೋಳು ಉಳಿಯುತ್ತದೆ. ಸಿಲಿಕೋನ್ ಸ್ಪ್ರೇ ಇನ್ನೂ ಕೆಟ್ಟದ್ದು. ಪಕ್ಕದ ಶೆಡ್ಡಿನಲ್ಲಿ ಯಾರೋ ಅಚ್ಚಿಗೆ ಹೊಡೆದರೂ ಗಾಳಿಯಲ್ಲಿ ತೇಲಿ ಬಂದು ನಮ್ಮ ಮಾಲಿನ ಮೇಲೆ ಕೂರಬಲ್ಲದು. ಒಮ್ಮೆ ಹೀಗೇ ಗುಳಿ ಬಂದು, ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಹೊಸ ಹುಡುಗ ತಲೆಗೆ ಸುರಿದುಕೊಂಡ ಕೊಬ್ಬರಿ ಎಣ್ಣೆಯನ್ನು ಸವರಿಕೊಂಡು ಅದೇ ಕೈಯಲ್ಲಿ ಪೈಪು ಎತ್ತುತ್ತಿದ್ದದ್ದು ಗೊತ್ತಾಗಿತ್ತು. ಆದರೆ ಅದು ಬೆರಳಿನ ಗುರುತಿನ ಹಾಗೆ ಗುಂಪು ಗುಂಪಾಗಿತ್ತು. ಇದು ಹಾಗಲ್ಲ, ಎಲ್ಲ ಕಡೆ ಎರಚಿದ ಹಾಗಿತ್ತು.

ಗನ್ನಿಗೆ ಹೋಗುವ ಗಾಳಿ ಪೈಪು ಬಿಚ್ಚಿ, ಬಿಳಿ ಕಾಗದದ ಮುಂದೆ ಹಿಡಿದು ಎರಡು ನಿಮಿಷ ಗಾಳಿ ಬಿಟ್ಟೆ. ಕಾಗದದ ನಡುವೆ ಬೋಂಡಾ ಇಟ್ಟೆತ್ತಿದ ಹಾಗೆ ಜಿಡ್ಡಿನ ಕಲೆ. ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದೆ. ಮೊದಲು ಕೊರ್ ಕೊರ್ ಅಂತ ಸದ್ದು, ಆಮೇಲೆ ಒಂದು ಚೊಂಬಿಗಿಂತ ಜಾಸ್ತಿ ನೀರು. ನೀರು ಅಂದರೆ ಹಾಲಿನ ಹಾಗೆ ಬಿಳಿ. ಎಣ್ಣೆಯೂ ನೀರೂ ಕಡೆದುಕೊಂಡರೆ ಆಗುವ ಬಣ್ಣ ಅದು.

ಇದು ಜೂನ್. ಗಾಳಿಯಲ್ಲೇ ನೀರು ತುಂಬಿದೆ. ಕಂಪ್ರೆಸರ್ ಆ ಗಾಳಿಯನ್ನು ಹಿಂಡಿದಾಗ ನೀರು ಟ್ಯಾಂಕಿನಲ್ಲಿ ಇಳಿಯುತ್ತದೆ. ನಮ್ಮದು ಹಳೆಯ ಪಿಸ್ಟನ್ ಕಂಪ್ರೆಸರ್, ರಿಂಗ್ ಸವೆದು ಎಣ್ಣೆ ಮೇಲೇರಿಸುತ್ತದೆ. ಇದನ್ನೆಲ್ಲ ಹಿಡಿದು ನಿಲ್ಲಿಸಬೇಕಾದ ಫಿಲ್ಟರಿನ ಆಟೋ ಡ್ರೈನ್ (ತುಂಬಿದ ನೀರನ್ನು ತಾನೇ ಹೊರಬಿಡುವ ನಲ್ಲಿ) ಕಟ್ಟಿಕೊಂಡು ಬಟ್ಟಲು ತುಂಬಿ ತುಳುಕುತ್ತಿತ್ತು. ಕಂಪ್ರೆಸರ್ ಶುರುವಾದ ಏಟಿಗೆ ತುಂಬಿದ್ದೆಲ್ಲ ಗನ್ನಿನ ಕಡೆ. ಡ್ರೈಯರ್ ಇದೆಯಲ್ಲ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ರೆಫ್ರಿಜರೇಟೆಡ್ ಡ್ರೈಯರ್ ಆವಿಯನ್ನು ಹಿಡಿಯುತ್ತದೆ. ಹೀಗೆ ಸುರಿದು ಬರುವ ಎಣ್ಣೆ ನೀರನ್ನು ಅದು ಹಿಡಿಯಲಾರದು.

ಫಿಲ್ಟರ್ ಎಲಿಮೆಂಟ್ ಹೊಸದು ಹಾಕಿದೆವು. ಆಟೋ ಡ್ರೈನ್ ಬಿಚ್ಚಿ ತೊಳೆದೆವು. ಗಾಳಿ ಪೈಪು ಪೂರ್ತಿ ಬದಲಾಯಿಸಿದೆವು. ಒಳಗೆ ಜಿಡ್ಡು ಹಿಡಿದ ಪೈಪನ್ನು ತೊಳೆದು ಸರಿ ಮಾಡುತ್ತೇನೆ ಅನ್ನುವುದು ವ್ಯರ್ಥ. ಗನ್ನಿಗೆ ಪೌಡರ್ ಕೊಡುವ ಡಬ್ಬಿ, ಅಂದರೆ ಹಾಪರಿನಲ್ಲಿದ್ದ ಪೌಡರನ್ನು ಮುಟ್ಟಿ ನೋಡಿದರೆ ಕೆಳಭಾಗದಲ್ಲಿ ಗಂಟು ಗಂಟು, ಒದ್ದೆ ರವೆಯ ಹಾಗೆ. ಮೂರು ಕೆಜಿಯಷ್ಟು ಚೆಲ್ಲಿದೆ. ಹೊಟ್ಟೆ ಉರಿಯಿತು. ಆಮೇಲೆ ಕಾಗದ ಹಿಡಿದು ಹತ್ತು ನಿಮಿಷ ಗಾಳಿ ಬಿಟ್ಟೆ. ಕಾಗದ ಬಿಳಿಯಾಗೇ ಇತ್ತು. ಆ ಕಾಗದವನ್ನೂ ಜಿಡ್ಡಿನ ಕಾಗದವನ್ನೂ ಕಂಪ್ರೆಸರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.

ಬುಧವಾರ ಸಂಜೆ: ಕಿತ್ತಳೆ ಸಿಪ್ಪೆ

ಮೂರನೆಯದನ್ನು ಹಿಡಿದದ್ದು ನಾನಲ್ಲ, ಗನ್ ಹಿಡಿಯುವ ಹುಡುಗ. ಪರೀಕ್ಷೆಗೆ ಅಂತ ಒಂದು ಪ್ಲೇಟಿಗೆ ಹೊಡೆಯುತ್ತಿದ್ದವನು ಕರೆದ: "ಅಣ್ಣ, ಇಲ್ನೋಡಿ, ಓವನ್‌ಗೆ ಹೋಗೋಕೆ ಮುಂಚೇನೇ ತೂತು."

ಟಾರ್ಚ್ ಹಿಡಿದು ನೋಡಿದೆ. ಒಣ ಪೌಡರಿನ ಮೇಲೇ ನಕ್ಷತ್ರದಂಥ ಚಿಕ್ಕ ಚಿಕ್ಕ ಕುಳಿಗಳು. ಒಳಗಿನಿಂದ ಯಾರೋ ಊದಿದ ಹಾಗೆ. ಇದು ದೊಡ್ಡ ಸುಳಿವು. ಜಿಐಯ ಸೂಜಿತೂತು, ಎಣ್ಣೆಯ ಗುಳಿ ಎರಡೂ ಪೌಡರ್ ಕರಗುವಾಗ ಹುಟ್ಟುತ್ತವೆ. ಓವನ್ನಿಗೆ ಹೋಗುವ ಮುಂಚೆಯೇ ಕಂಡರೆ ಅದು ಕರೆಂಟಿನ ಕೆಲಸ. ಬ್ಯಾಕ್ ಅಯೊನೈಸೇಶನ್ ಅನ್ನುತ್ತಾರೆ.

ನಡೆಯುವುದು ಇಷ್ಟು. ಗನ್ನಿನ ತುದಿಯಲ್ಲಿ 90 ಕಿಲೋವೋಲ್ಟ್. ಪೌಡರ್ ಚಾರ್ಜ್ ಹೊತ್ತು ಬಂದು ಅರ್ತ್ ಆಗಿರುವ ಮಾಲಿಗೆ ಅಂಟುತ್ತದೆ. ಚಾರ್ಜ್ ಕಬ್ಬಿಣದ ಮೂಲಕ ಹರಿದು ಹೋಗಬೇಕು. ಪದರ ದಪ್ಪವಾದರೆ, ಇಲ್ಲವೇ ಅರ್ತ್ ಸರಿ ಇಲ್ಲದಿದ್ದರೆ, ಚಾರ್ಜ್ ಅಲ್ಲೇ ಗುಡ್ಡೆ ಬೀಳುತ್ತದೆ. ಕೊನೆಗೆ ಪುಟ್ಟ ಕಿಡಿಯಾಗಿ ಸಿಡಿದು, ಅಂಟಿದ ಪೌಡರನ್ನೇ ಎತ್ತಿ ಒಗೆಯುತ್ತದೆ. ಬೆಂದ ಮೇಲೆ ಅದು ತರಿ, ಕಿತ್ತಳೆ ಸಿಪ್ಪೆ.

ಅರ್ತ್ ಎಲ್ಲಿ ತಪ್ಪಿತು ಅಂತ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ನೇತುಹಾಕುವ ಕೊಕ್ಕೆ ಕೈಗೆ ತೆಗೆದುಕೊಂಡೆ. ಎಂಟು ಬಣ್ಣ ಕಾಣುತ್ತಿದ್ದವು. ಬಿಳಿ, ಕಪ್ಪು, ಮತ್ತೆ ಬಿಳಿ, ಯಾವುದೋ ಸ್ಕೂಲ್ ಬೆಂಚಿನ ನೀಲಿ, ಕೊನೆಗೆ ನಮ್ಮ ಗ್ರೇ. ಮರದ ಬೊಡ್ಡೆಯಲ್ಲಿ ವರ್ಷ ಎಣಿಸಿದ ಹಾಗೆ ನಮ್ಮ ಜಾಬುಗಳನ್ನು ಎಣಿಸಬಹುದಿತ್ತು. ಕೊಕ್ಕೆಗೆ ಕಬ್ಬಿಣ ತಾಕುತ್ತಲೇ ಇರಲಿಲ್ಲ, ಬರೀ ಬೆಂದ ಪೌಡರ್. ಮೆಗ್ಗರ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆಯುವ ಮೀಟರ್ ಹಾಕಿದೆ. ಮಾಲಿನಿಂದ ಅರ್ತಿಗೆ 1 ಮೆಗಾಓಮ್ ದಾಟಬಾರದು ಅನ್ನುವುದು ಈ ಕೆಲಸದ ನಿಯಮ. ಮುಳ್ಳು ಆ ಕೊನೆಗೇ ಹೋಗಿ ಕೂತಿತು.

ಗ್ರೈಂಡರ್ ಹಿಡಿದು ಎಲ್ಲ ಕೊಕ್ಕೆಗಳ ತುದಿ ಬೋಳು ಮಾಡಿದೆವು. ಮೇಲೆ ರೈಲ್ ಮೇಲೆ ಕೂರುವ ಭಾಗವನ್ನೂ ಸೇರಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆಯುತ್ತಿದ್ದೆ. ಮತ್ತೆ ಮೆಗ್ಗರ್ ಹಾಕಿದರೆ ಮುಳ್ಳು ಸೊನ್ನೆಯ ಹತ್ತಿರ.

ಇನ್ನೊಂದು ತಪ್ಪು ಹುಡುಗನ ಕೈಯದ್ದು, ಅದಕ್ಕೂ ಕಾರಣ ಕೊಕ್ಕೆಯೇ. ಕಂಬಿ ಹ್ಯಾಂಡ್‌ರೈಲಿಗೆ ಸೇರುವ ಒಳಮೂಲೆಗೆ ಪೌಡರ್ ಹೋಗುತ್ತಿರಲಿಲ್ಲ. ಅದಕ್ಕೆ ಅವನು ಕೆವಿ (ಕಿಲೋವೋಲ್ಟ್) ಏರಿಸಿ, ಗಾಳಿ ಏರಿಸಿ, ಹತ್ತಿರ ಹಿಡಿದು ತುಂಬುತ್ತಿದ್ದ. ಅಷ್ಟರಲ್ಲಿ ಪಕ್ಕದ ಚಪ್ಪಟೆ ಭಾಗಕ್ಕೆ ಎರಡರಷ್ಟು ಕೂರುತ್ತಿತ್ತು. ಮೂಲೆ ಮಾತ್ರ ಬೋಳು. ಮೂಲೆಯ ಕೆಲಸ ಉಲ್ಟಾ. ವೋಲ್ಟೇಜ್ ಜಾಸ್ತಿ ಇದ್ದಷ್ಟೂ ಪೌಡರ್ ಅಂಚಿಗೇ ಎಳೆದುಕೊಳ್ಳುತ್ತದೆ, ಒಳಗೆ ಹೋಗುವುದಿಲ್ಲ. 50ಕ್ಕೆ ಇಳಿಸಿ, ಗಾಳಿಯನ್ನೂ ತಗ್ಗಿಸಿ, ಮೊದಲು ಮೂಲೆಗಳನ್ನು ಮುಗಿಸು, ಆಮೇಲೆ ಬಯಲಿಗೆ ಬಾ ಅಂದೆ. ಎರಡನೇ ಪ್ರಯತ್ನಕ್ಕೆ ಮೂಲೆ ತುಂಬಿತು. ಅವನ ಮುಖ ನೋಡಬೇಕಿತ್ತು.

ಗುರುವಾರ: ಬಿಸ್ಕತ್ತು

ಪ್ಲೇಟಿನ ಪದರ ಎದ್ದದ್ದು ಬೇಯದೇ ಇದ್ದದ್ದಕ್ಕೆ. ಬೇಯದ ಪೌಡರನ್ನು ಕರಗಿಸುವ ಎಂಇಕೆ ಅನ್ನುವ ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ಉಜ್ಜಿದೆ. ಕಂಬಿಯ ಮೇಲೆ ಹೊಳಪು ಸ್ವಲ್ಪ ಮಾಸಿತು, ಅಷ್ಟೇ. ಪ್ಲೇಟಿನ ಮೇಲೆ ಹತ್ತಿ ಪೂರ್ತಿ ಗ್ರೇ ಆಗಿ, ಕಬ್ಬಿಣ ಇಣುಕಿತು.

ಬಾಕ್ಸಿನ ಮೇಲಿನ ಸೂಚನೆ: 200 ಡಿಗ್ರಿ, 10 ನಿಮಿಷ. ಎಲ್ಲರೂ ಓದುತ್ತೇವೆ. ಆದರೆ ಅದು ಲೋಹದ ಶಾಖ, ಓವನ್ ಗಾಳಿಯ ಶಾಖ ಅಲ್ಲ. ಓವನ್ನಿನ ಮುಂದಿನ ಡಿಸ್‌ಪ್ಲೇ ತೋರಿಸುವುದು ಗಾಳಿಯದ್ದು. ಶಾಖ ಅಳೆಯುವ ಎರಡು ಕೆ ಟೈಪ್ ಥರ್ಮೋಕಪಲ್ ತಂತಿಗಳಲ್ಲಿ ಒಂದರ ತುದಿಯನ್ನು ಕಂಬಿಗೂ, ಇನ್ನೊಂದರ ತುದಿಯನ್ನು ಪ್ಲೇಟಿಗೂ ಕಟ್ಟಿ, ಬಾಗಿಲ ಸಂದಿಯಿಂದ ಹೊರಗೆ ತಂದು ಮೀಟರಿಗೆ ಸೇರಿಸಿದೆ. ಸ್ಟೂಲ್ ಹಾಕಿಕೊಂಡು ಕುಳಿತೆ, ಎರಡು ನಿಮಿಷಕ್ಕೊಮ್ಮೆ ಬರೆದುಕೊಂಡೆ. ತೆಳು ಕಂಬಿ ಏಳನೇ ನಿಮಿಷಕ್ಕೇ 190 ಮುಟ್ಟಿತು. ಪ್ಲೇಟು ಆಗಿನ್ನೂ 110ರಲ್ಲಿ ತೂಕಡಿಸುತ್ತಿತ್ತು. ಅದು 190 ಮುಟ್ಟಿದ್ದು ಇಪ್ಪತ್ನಾಲ್ಕನೇ ನಿಮಿಷಕ್ಕೆ. ನಮ್ಮ ಹುಡುಗರು ಒಟ್ಟು ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆಗೆಯುತ್ತಿದ್ದರು. ಅನ್ನ ಮೇಲೆ ಬೆಂದಿದೆ ಅಂತ ಇಳಿಸಿದ ಹಾಗೆ.

ಹೊಸ ಲೆಕ್ಕ: ಇಂಥ ಮಾಲಿಗೆ 36 ನಿಮಿಷ. ತೆಳು ಕಂಬಿ ಅಷ್ಟು ಹೊತ್ತು ಜಾಸ್ತಿ ಬೆಂದರೆ? ಕಡು ಗ್ರೇ ತಡೆದುಕೊಳ್ಳುತ್ತದೆ. ಇದೇ ಬಿಳಿ ಬಣ್ಣ ಆಗಿದ್ದರೆ ಹಳದಿ ತಿರುಗುವ ಭಯವಿತ್ತು. ಆಗ ಪ್ಲೇಟನ್ನು ಮೊದಲೇ ಬಿಸಿ ಮಾಡುವುದೋ, ಬೇರೆಯಾಗಿ ಕೋಟ್ ಮಾಡಿ ಆಮೇಲೆ ಬೋಲ್ಟ್ ಹಾಕುವುದೋ ನೋಡಬೇಕಾಗುತ್ತಿತ್ತು.

ಒಂದು ಸಮಾಧಾನ. ಅರೆಬೆಂದದ್ದಕ್ಕೆ ಕೆರೆಯುವುದು ಬೇಡ, ಬಣ್ಣವೂ ಬೇಡ. ಪದರ ಏಳದೇ ಇದ್ದ ಪ್ಲೇಟುಗಳಿದ್ದ ನಾಲ್ಕು ರೇಲಿಂಗುಗಳಿಗೆ ಬೇರೆ ಯಾವ ರೋಗವೂ ಇರಲಿಲ್ಲ. ಸೀದಾ ಓವನ್ನಿಗೆ ಹಾಕಿ, ಪ್ಲೇಟಿನ ಮೀಟರ್ 190 ಮುಟ್ಟಿದ ಮೇಲೆ ಹನ್ನೆರಡು ನಿಮಿಷ ಬಿಟ್ಟು ತೆಗೆದೆ. ತಣ್ಣಗಾದ ಮೇಲೆ ಬ್ಲೇಡಿನಲ್ಲಿ ಚೌಕಳಿ ಗೀರಿ, ಟೇಪ್ ಅಂಟಿಸಿ ಕಿತ್ತೆ. ಟೇಪಿನಲ್ಲಿ ಏನೂ ಬರಲಿಲ್ಲ. ಹತ್ತಿಯೂ ಬಿಳಿ.

ಶುಕ್ರವಾರ

ಇನ್ನುಳಿದದ್ದು ಹದಿನಾಲ್ಕು. ಏಳಕ್ಕೆ ಗುಳಿ, ತರಿ, ಎದ್ದ ಪ್ಲೇಟು. ಬರೀ ಎಂಎಸ್ ಇದ್ದ ಇವನ್ನು 320 ಎಮರಿಯಲ್ಲಿ ಸಮ ಮಾಡಿ, ಪ್ಲೇಟುಗಳನ್ನು ಕಬ್ಬಿಣದವರೆಗೂ ಕೆರೆದು ಮತ್ತೆ ಫಾಸ್ಫೇಟ್ ಮಾಡಿ, 60 ಕೆವಿಯಲ್ಲಿ, ಕರೆಂಟ್ ಮಿತಿ 15 ಮೈಕ್ರೋಆಂಪ್ ಇಟ್ಟು ಹೊಡೆದೆವು. ಬೆಂದ ಪದರದ ಮೇಲೆ ಇನ್ನೊಂದು ಪದರ ಹೊಡೆಯುವಾಗ ಕೆಳಗಿನದೇ ಇನ್ಸುಲೇಶನ್ ಥರ ನಿಲ್ಲುತ್ತದೆ. ಹಾಗಾಗಿ ಕೆವಿ ಇಳಿಸಲೇಬೇಕು. ಇಲ್ಲದಿದ್ದರೆ ಅದೇ ನಕ್ಷತ್ರಗಳು ವಾಪಸ್.

ಜಿಐ ಇದ್ದ ಏಳು ಜಾಸ್ತಿ ಹೊತ್ತು ತೆಗೆದುಕೊಂಡವು. ಬೋಳಾದ ಜಿಐ ಕಂಬಿಗಳನ್ನು ಸ್ಕಾಚ್ ಬ್ರೈಟಿನಲ್ಲಿ ಉಜ್ಜಿ ಬಿಳಿ ತುಕ್ಕು ತೆಗೆದೆವು. ನಯವಾದ ಸತುವಿನ ಮೇಲೆ ಪೌಡರ್ ಹಿಡಿದುಕೊಳ್ಳುವುದು ಕಷ್ಟ, ಗೀರು ಬೇಕು. ಆಮೇಲೆ ರೇಲಿಂಗನ್ನು ಪೌಡರ್ ಇಲ್ಲದೆಯೇ 220 ಡಿಗ್ರಿಯಲ್ಲಿ ಅರ್ಧ ಗಂಟೆ. ಬೇಯಿಸುವ ಶಾಖಕ್ಕಿಂತ ಇಪ್ಪತ್ತು ಡಿಗ್ರಿ ಮೇಲೆ ಕಾಯಿಸಿದರೆ, ಬರುವ ಗಾಳಿ ಆವಿ ಎಲ್ಲ ಮೊದಲೇ ಬಂದು ಹೋಗುತ್ತದೆ. ಹೊರಗೆ ತೆಗೆದು ಕೈ ಇಡುವಷ್ಟು ತಣ್ಣಗಾಗುವವರೆಗೆ ಕಾದು, ಅದೇ ದಿನವೇ ಪೌಡರ್. ನಾಳೆಗೆ ಬಿಟ್ಟರೆ ಜೂನ್ ತಿಂಗಳ ಗಾಳಿ ಮತ್ತೆ ತೇವ ಕುಡಿಸುತ್ತದೆ. ಬಿಸಿಯಲ್ಲೇ ಹೊಡೆದರೆ ಮುಟ್ಟಿದ ಪೌಡರ್ ಅಲ್ಲೇ ಕರಗಿ ಬೇಕಾಬಿಟ್ಟಿ ದಪ್ಪ ಕೂರುತ್ತದೆ.

ಜೊತೆಗೆ ಈ ಕಂಬಿಗಳಿಗೆ ಡೀಲರ್ ಹತ್ತಿರ ಅದೇ ಶೇಡಿನ, ಜಿಐಗೆಂದೇ ಮಾಡಿದ ಪೌಡರ್ ತರಿಸಿದೆ. ಬೆಂಜೋಯಿನ್‌ನಂಥದ್ದು ಸ್ವಲ್ಪ ಜಾಸ್ತಿ ಹಾಕಿರುತ್ತಾರೆ. ಪದರ ಬೇಗ ಮುಚ್ಚಿಕೊಳ್ಳದೆ ಗಾಳಿಗೆ ದಾರಿ ಬಿಡುತ್ತದೆ. ಫೋನಿನಲ್ಲಿ ಸೋಮವಾರದ ನನ್ನ ಮಾತಿಗೆ ಕ್ಷಮೆ ಕೇಳಿದೆ. "ಎಲ್ರೂ ಮೊದ್ಲು ನಮಗೇ ಬಯ್ಯೋದು ಸಾರ್, ಅಭ್ಯಾಸ ಆಗಿದೆ" ಅಂದರು.

ಒಂದು ರೇಲಿಂಗಿನ ವೆಲ್ಡಿಂಗ್ ಸಂದಿಯಿಂದ ಓವನ್ನಿನಲ್ಲಿ ನೀರು ಸೋರಿ ಬಿಳಿ ಗೆರೆ ಇಳಿದಿತ್ತು. ತೊಳೆದ ನೀರು ಪೈಪಿನೊಳಗೆ ಉಳಿದಿತ್ತು ಅಷ್ಟೇ. ಕೆಳಗೆ ಕಾಣದ ಕಡೆ 4 ಮಿಲಿಮೀಟರ್ ತೂತು ಕೊರೆದು ಬಸಿದು, ಮತ್ತೆ ಮಾಡಿದೆವು. ಎರಡು ಕಡೆ ಒರೆಸುವ ಬಟ್ಟೆಯ ನೂಲು ಸಿಕ್ಕಿತ್ತು, ಅದನ್ನು ಬರೆಯುವಷ್ಟೇನಿಲ್ಲ.

ಶನಿವಾರ

ಎಲ್ಲವನ್ನೂ ಹೊರಗೆ ಬಿಸಿಲಿನಲ್ಲಿ ಒರಗಿಸಿ, ಗಾಜು ಹಿಡಿದು ಒಂದೊಂದೇ ಕಂಬಿ ನೋಡಿದೆ. ಎಂಎಸ್ ಮೇಲೆ ಒಂದೂ ಇಲ್ಲ. ಜಿಐ ಮೂವತ್ತೇಳರಲ್ಲಿ ಮೂವತ್ತಾರು ಸ್ವಚ್ಛ. ಒಂದರಲ್ಲಿ, ಕೆಳಗಿನ ವೆಲ್ಡಿಂಗ್ ಪಕ್ಕ, ಎರಡು ತೂತು ಉಳಿದಿದ್ದವು. ವೆಲ್ಡ್ ಶಾಖಕ್ಕೆ ಅಲ್ಲಿ ಸತು ಸುಟ್ಟು ಬುರುಗು ಬುರುಗಾಗಿತ್ತು ಅಂತ ಕಾಣುತ್ತದೆ.

ಗಾಡಿ ಹನ್ನೊಂದಕ್ಕೆ ಬಂತು. ಆ ಎರಡು ತೂತನ್ನು ನಾನೇ ತೋರಿಸಿದೆ. ಅಣ್ಣ ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. "ಎಲ್ಲಿ ಸಾರ್? ನಂಗೆ ಕಾಣ್ತಾನೇ ಇಲ್ಲ" ಅಂದರು. ಗಾಜು ಕೊಟ್ಟೆ. "ಓ, ಇದಾ! ಇದನ್ನ ಹಿಂದಿನ ಬಾಲ್ಕನಿಗೆ ಹಾಕ್ತೀನಿ ಬಿಡಿ." ಟಚ್‌ಅಪ್ ಪೇಂಟಿನ ಒಂದು ಹನಿ ಇಟ್ಟು ಕಳಿಸಿದೆ. ದುಡ್ಡಿನ ಮಾತು ಅರ್ಧರ್ಧಕ್ಕೆ ಇತ್ಯರ್ಥ ಆಯ್ತು. ಜಿಐ ಕಂಬಿಯ ಖರ್ಚು ಅವರದ್ದು, ಉಳಿದದ್ದೆಲ್ಲ ನನ್ನದು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದರೆ, ಒರೆಸುವ ಹುಡುಗ ಹೊಸದಾಗಿ ಬಂದ ಗೇಟಿನ ಮುಂದೆ ಕೈಕಟ್ಟಿ ನಿಂತಿದ್ದ. "ಅಣ್ಣ, ಇದರ ಎರಡು ಪೈಪು ಬೆಳ್ಳಗಿದೆ."

ಆಸಿಡ್ ಬಾಟಲಿ ತರಲು ಹೇಳಿದೆ.